ಹಳೆಯ ಆಟಕ್ಕೆ ಹೊಸ ಅಂಕ

ಸೆಗಾ ಕಂಪನಿಯ 'ಯಕುಝಾ 3' ಎಂಬ ವಿಡಿಯೊ ಗೇಮ್ ಜಪಾನಿನಲ್ಲಿ 2009ರ ಫೆಬ್ರುವರಿಯಲ್ಲಿಯೂ ಪಾಶ್ಚಾತ್ಯ ದೇಶಗಳಲ್ಲಿ 2010ರ ಮಾರ್ಚಿನಲ್ಲಿಯೂ ಬಿಡುಗಡೆಯಾಯಿತು; ಅದರ ರೀಮಾಸ್ಟರ್ ಆವೃತ್ತಿ ಪ್ಲೇಸ್ಟೇಷನ್ 4ಕ್ಕಾಗಿ ಸಿದ್ಧವಾಗಿ 2018ರ ಆಗಸ್ಟಿನಲ್ಲಿ ಜಪಾನಿಗೂ, 2019ರ ಆಗಸ್ಟ್ 20ರಂದು ಪಾಶ್ಚಾತ್ಯ ಮಾರುಕಟ್ಟೆಗೂ ಬಂದಿತು. ಹೀಗೆ ಒಂದೇ ಆಟದ ಬಗ್ಗೆ ವಿಮರ್ಶಕರು ಸುಮಾರು ಹತ್ತು ವರ್ಷಗಳ ಅಂತರದಲ್ಲಿ ಎರಡು ಸಲ ತೀರ್ಪು ಕೊಡಬೇಕಾಯಿತು. ಆ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ, ಆಟದ ಗುಣಾವಗುಣಗಳಿಗಿಂತ ಹೆಚ್ಚಾಗಿ, ಹಳೆಯ ಕೃತಿಯೊಂದು ಹೊಸ ರೂಪದಲ್ಲಿ ಮರಳಿ ಬಂದಾಗ ವಿಮರ್ಶೆಯ ಅಳತೆಗೋಲು ಎಲ್ಲಿ ಜಾರುತ್ತದೆ ಎಂಬುದು ಕಾಣಿಸುತ್ತದೆ.

ಯಕುಝಾ ಎಂಬುದು ಜಪಾನಿನ ಸಂಘಟಿತ ಅಪರಾಧಿ ಕೂಟಗಳಿಗೂ ಅವುಗಳ ಸದಸ್ಯರಿಗೂ ರೂಢಿಯಲ್ಲಿರುವ ಹೆಸರು. ಆಟಕ್ಕೆ ಈ ಹೆಸರು ಅಂಟಿಕೊಂಡದ್ದು ಇಂಗ್ಲಿಷಿನಲ್ಲಿ. ಮೂಲದಲ್ಲಿ ಅದು 'ರ್ಯೂ ಗಾ ಗೊತೊಕು', ಅಂದರೆ ಡ್ರ್ಯಾಗನ್ನಿನಂತೆ. ನಗೋಶಿ ತೊಶಿಹಿರೊ ರೂಪಿಸಿದ ಈ ಸರಣಿಯ ಮೊದಲ ಆಟ 2005ರ ಡಿಸೆಂಬರಿನಲ್ಲಿ ಹೊರಬಂದಾಗ ಅದರ ಕಥೆಯ ಮೇಲ್ವಿಚಾರಣೆ ವಹಿಸಿದ್ದವರು ಹಾಸೆ ಸೇಷೂ ಎಂಬ ಅಪರಾಧ ಕಾದಂಬರಿಕಾರರು. ಟೋಕಿಯೊದ ಶಿಂಜುಕು ಪ್ರದೇಶದಲ್ಲಿರುವ ಕಬುಕಿಚೊ ಎಂಬ ರಾತ್ರಿಬದುಕಿನ ಕೇರಿಯನ್ನೇ ಭೂಮಿಕೆಯಾಗಿಸಿಕೊಂಡು 'ಫುಯಾಜೊ' ಎಂಬ ಕಾದಂಬರಿ ಬರೆದು ಹೆಸರಾಗಿದ್ದ ಅವರಿಗೆ ಮುಂದೆ 2020ರಲ್ಲಿ ಪ್ರತಿಷ್ಠಿತ ನವೊಕಿ ಪ್ರಶಸ್ತಿ ಸಂದಿತು. ಆಟದೊಳಗೆ ಆ ಕೇರಿಗೆ ಕಮುರೊಚೊ ಎಂಬ ಕಲ್ಪಿತ ಹೆಸರಿದ್ದರೂ ಅದರ ಕೆಂಪು ದೀಪಗಳ ಕಮಾನು, ಇಕ್ಕಟ್ಟಿನ ಓಣಿಗಳು, ನಿಜವಾದ ಹೆಸರಿನಲ್ಲೇ ಇರುವ ಡಾನ್ ಕಿಹೋಟೆ ಅಂಗಡಿ ಎಲ್ಲವೂ ಮೂಲದ ಗುರುತು ಹೇಳುತ್ತವೆ. ಕಥಾನಾಯಕ ಕಿರ್ಯೂ ಕಝುಮಾ ಬೀದಿಯಲ್ಲಿ ನಿಲ್ಲಿಸಿದ ಸೈಕಲ್ಲನ್ನೇ ಎತ್ತಿ ಪುಂಡರಿಗೆ ಬಡಿಯುತ್ತಾನೆ, ಮರುಗಳಿಗೆಯಲ್ಲಿ ದಾರಿಹೋಕನೊಬ್ಬನ ಸಂಸಾರದ ಗೋಳಿಗೆ ಕಿವಿಯಾಗಿ ನಿಲ್ಲುತ್ತಾನೆ. ಮುಖ್ಯ ಕಥೆಯ ಭಾವಾವೇಶವೂ ಉಪಕಥೆಗಳ ತಮಾಷೆಯೂ ಒಂದೇ ಬೀದಿಯಲ್ಲಿ ನಡೆಯುವ ಈ ಬೆರಕೆಯೇ ಸರಣಿಯ ಜೀವಾಳ.

ರೀಮಾಸ್ಟರ್ ಮತ್ತು ರೀಮೇಕ್ ಎಂಬ ಎರಡು ಪದಗಳನ್ನು ಇಲ್ಲಿ ಬೇರ್ಪಡಿಸಿಕೊಳ್ಳಬೇಕು. ರೀಮೇಕ್‌ನಲ್ಲಿ ಹಳೆಯ ಕಥೆಯನ್ನು ಇಟ್ಟುಕೊಂಡು ಚಿತ್ರ, ಚಲನೆ, ಹೊಡೆದಾಟದ ವ್ಯವಸ್ಥೆಗಳನ್ನು ಹೊಸದಾಗಿ ಕಟ್ಟಲಾಗುತ್ತದೆ. 2016 ಮತ್ತು 2017ರಲ್ಲಿ ಜಪಾನಿನಲ್ಲಿ ಬಂದ 'ಯಕುಝಾ ಕಿವಾಮಿ'ಯ ಎರಡು ಭಾಗಗಳು ಆ ಜಾತಿಯವು. ರೀಮಾಸ್ಟರ್ ಅಷ್ಟು ದೂರ ಹೋಗುವುದಿಲ್ಲ. ಹಳೆಯ ಆಟದ ಅಸ್ಥಿಪಂಜರವನ್ನು ಮುಟ್ಟದೆ ಅದನ್ನು ಹೊಸ ಯಂತ್ರದ ಮೇಲೆ ಓಡುವಂತೆ ಮಾಡಿ, ಚಿತ್ರವನ್ನು 1080 ಗೆರೆಗಳ ಸ್ಪಷ್ಟತೆಗೆ ಏರಿಸಿ, ಸೆಕೆಂಡಿಗೆ 60 ಚೌಕಟ್ಟುಗಳ ನಯಕ್ಕೆ ತಂದರೆ ಕೆಲಸ ಮುಗಿಯಿತು ಎಂಬುದು ಸಾಮಾನ್ಯ ತಿಳಿವಳಿಕೆ. 'ಯಕುಝಾ'ದ ಮೂರು, ನಾಲ್ಕು, ಐದನೆಯ ಭಾಗಗಳ ರೀಮಾಸ್ಟರ್‌ಗಳನ್ನು ಒಟ್ಟುಗೂಡಿಸಿದ ಸಂಪುಟವೂ ಚಿತ್ರದ ಮಟ್ಟಿಗೆ ಇಷ್ಟನ್ನೇ ಮಾಡಿತು, ಹಾಗೂ ಬಹುಪಾಲು ವಿಮರ್ಶೆಗಳು ಈ ಲೆಕ್ಕವನ್ನು ಒಪ್ಪಿಸಿಯೇ ಮುಂದೆ ಹೋದವು: ಮುಖಗಳು ಇನ್ನೂ ಪ್ಲೇಸ್ಟೇಷನ್ 3ರ ಕಾಲದವು, ನಡಿಗೆ ಬಿಗಿ, ಆದರೆ ಓಟ ನಯ ಎಂಬ ಧಾಟಿಯಲ್ಲಿ.

ಆದರೆ ಈ ಸಂಪುಟದಲ್ಲಿ ನಿಜವಾಗಿ ಬದಲಾದದ್ದು ಚಿತ್ರಕ್ಕಿಂತ ಹೆಚ್ಚಾಗಿ ಪಠ್ಯ. 2010ರ ಪಾಶ್ಚಾತ್ಯ 'ಯಕುಝಾ 3' ಕತ್ತರಿ ಬಿದ್ದ ಆಟವಾಗಿತ್ತು. ಹಣ ತೆತ್ತು ಮೇಜಿನ ಪಕ್ಕ ಕೂತ ಯುವತಿಯೊಂದಿಗೆ ಮಾತು, ಮದ್ಯ, ಹಾಡುಗಳಲ್ಲಿ ಹೊತ್ತು ಕಳೆಯುವ ಹೋಸ್ಟೆಸ್ ಕ್ಲಬ್ಬುಗಳು, ಚೀನಾ ಮೂಲದ ಬಿಲ್ಲೆಗಳ ಆಟವಾದ ಮಾಜಾಂಗ್, ಜಪಾನೀ ಚದುರಂಗವಾದ ಶೋಗಿ, ಒಂದು ರಸಪ್ರಶ್ನೆ ಯಂತ್ರ ಮತ್ತು ಹಲವು ಉಪಕಥೆಗಳನ್ನು ಅದರಿಂದ ತೆಗೆದುಹಾಕಲಾಗಿತ್ತು. ಸಮಯದ ಅಭಾವ ಮತ್ತು ಪಾಶ್ಚಾತ್ಯ ಆಟಗಾರರಿಗೆ ಇವು ತಟ್ಟಲಾರವೆಂಬ ಎಣಿಕೆ, ಇವೇ ಸೆಗಾ ನೀಡಿದ ಸಮಜಾಯಿಷಿಯ ಸಾರ. ಸರಣಿಯ ಮೊದಲ ಆಟವನ್ನು 2006ರಲ್ಲಿ ಇಂಗ್ಲಿಷಿಗೆ ತಂದಾಗ ಕಂಪನಿ ಇದಕ್ಕೆ ತದ್ವಿರುದ್ಧ ದಾರಿ ಹಿಡಿದು, ಮಜಿಮಾ ಗೊರೊ ಎಂಬ ಒಕ್ಕಣ್ಣಿನ ಪಾತ್ರಕ್ಕೆ ಮಾರ್ಕ್ ಹ್ಯಾಮಿಲ್‌ರಂತಹ ಹಾಲಿವುಡ್ ನಟರಿಂದಲೇ ಧ್ವನಿ ಕೊಡಿಸಿತ್ತು. ಅದೂ ಮಾರುಕಟ್ಟೆಯಲ್ಲಿ ಕೈಹಿಡಿಯದಿದ್ದಾಗ ಮುಂದಿನ ಭಾಗಗಳು ಜಪಾನೀ ಧ್ವನಿ, ಇಂಗ್ಲಿಷ್ ಅಡಿಬರಹಗಳೊಂದಿಗೆ ಬರತೊಡಗಿದವು. ಒಮ್ಮೆ ಅತಿಯಾಗಿ ಒಗ್ಗಿಸಲು ಹೋಗಿ, ಇನ್ನೊಮ್ಮೆ ಒಗ್ಗದ್ದನ್ನು ಕತ್ತರಿಸಲು ಹೋಗಿ, ಎರಡೂ ಸಲ ಕೈಸುಟ್ಟುಕೊಂಡದ್ದು ಒಂದೇ ಅಂಜಿಕೆಯಿಂದ: ಟೋಕಿಯೊದ ಒಂದು ಕೇರಿಯ ಬದುಕು ಹೊರಗಿನವರಿಗೆ ಅರ್ಥವಾಗದು ಎಂಬ ಅಂಜಿಕೆ.

2019ರ ಆವೃತ್ತಿ ಆ ಕಡಿತಗಳಲ್ಲಿ ಬಹುಪಾಲನ್ನು ಮರಳಿ ಸೇರಿಸಿತು, ಮಿಗಿಲಾಗಿ ಇಂಗ್ಲಿಷ್ ಅನುವಾದವನ್ನು ಮತ್ತೆ ಪರಿಷ್ಕರಿಸಿತು. ಅನುವಾದದ ಕೆಲಸ ಎಷ್ಟು ನಾಜೂಕಿನದೆಂಬುದಕ್ಕೆ ಒಂದು ಪದ ಸಾಕು. ಆಟದ ಮಕ್ಕಳು ಕಿರ್ಯೂನನ್ನು 'ಓಜಿಸಾನ್' ಎಂದು ಕರೆಯುತ್ತಾರೆ. ರಕ್ತಸಂಬಂಧದ ಚಿಕ್ಕಪ್ಪ, ಸೋದರಮಾವಂದಿರಿಗೂ ಸಂಬಂಧವೇ ಇಲ್ಲದ ನಡುವಯಸ್ಸಿನ ಗಂಡಸಿಗೂ ಸಲ್ಲುವ ಈ ಸಂಬೋಧನೆ, ಗುರುತಿಲ್ಲದ ಹಿರಿಯನನ್ನೂ 'ಮಾಮ' ಎನ್ನುವ ಕನ್ನಡದ ಮಕ್ಕಳಿಗೆ ವಿವರಣೆಯಿಲ್ಲದೆ ತಿಳಿದೀತು. ಇಂಗ್ಲಿಷಿನಲ್ಲಿ ಮಾತ್ರ ಅನುವಾದಕ ಪ್ರತಿ ಸಲವೂ ಒಂದು ಅರ್ಥವನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕಾಗುತ್ತದೆ. ಕಿರ್ಯೂ ಆ ಮಕ್ಕಳಿಗೆ ತಂದೆಯೋ ಅಲ್ಲವೋ ಎಂಬ ಪ್ರಶ್ನೆಯ ಮೇಲೆಯೇ ನಿಂತ ಕಥೆಯಲ್ಲಿ ಇದು ಸಣ್ಣ ಮಾತಲ್ಲ. ಇಷ್ಟಾದರೂ ಅನುವಾದದ ಪರಿಷ್ಕರಣೆಗೆ ವಿಮರ್ಶೆಗಳಲ್ಲಿ ಸಾಮಾನ್ಯವಾಗಿ ಒಂದೆರಡು ಸಾಲುಗಳ ಮೆಚ್ಚುಗೆ ಸಿಕ್ಕಿತು, ಗೆರೆಗಳ ಎಣಿಕೆಗೆ ಇಡೀ ಪ್ಯಾರಾಗಳು ಸಂದವು.

ಎರಡನೆಯ ತೊಡಕು ಆಡಿದ ಅನುಕ್ರಮದ್ದು. ಮೊದಲ ಆಟಕ್ಕಿಂತ ಹಿಂದಿನ ಕಾಲದ ಕಥೆ ಹೇಳುವ 'ಯಕುಝಾ 0' 2015ರಲ್ಲಿ ಜಪಾನಿನಲ್ಲಿ ಬಂದು, 2017ರ ಜನವರಿಯಲ್ಲಿ ಪಾಶ್ಚಾತ್ಯ ದೇಶಗಳನ್ನು ತಲುಪಿ, ಅಲ್ಲಿಯವರೆಗೆ ಕೆಲವೇ ಅಭಿಮಾನಿಗಳ ಸ್ವತ್ತಾಗಿದ್ದ ಸರಣಿಯನ್ನು ದೊಡ್ಡ ಗುಂಪಿನ ಕೈಗೆ ಕೊಟ್ಟಿತು. ಆ ಗುಂಪು 'ಯಕುಝಾ 0' ಮುಗಿಸಿ, ಎರಡು ಕಿವಾಮಿಗಳನ್ನು ಮುಗಿಸಿ, ಕಥೆಯ ಕಾಲಾನುಕ್ರಮದಲ್ಲಿ ಮುಂದಿನದಾದ 'ಯಕುಝಾ 3'ಕ್ಕೆ ಬಂದಾಗ, ತಯಾರಿಕೆಯ ಕಾಲಾನುಕ್ರಮದಲ್ಲಿ ಎಂಟು ವರ್ಷ ಹಿಂದಕ್ಕೆ ಬಿದ್ದಿತು. ಎದುರಾಳಿಗಳು ಮಾತೆತ್ತಿದರೆ ಕೈ ಅಡ್ಡ ಹಿಡಿದು ಏಟು ತಡೆಯುತ್ತಾರೆಂಬ ಸಿಟ್ಟಿನಿಂದ ಅಭಿಮಾನಿಗಳು ಈ ಆಟಕ್ಕೆ 'ಬ್ಲಾಕುಝಾ' ಎಂದು ಅಡ್ಡಹೆಸರಿಟ್ಟರು, ವಿಮರ್ಶಕರೂ ಅದೇ ದೂರನ್ನು ಹೆಚ್ಚು ಗಂಭೀರವಾದ ಮಾತುಗಳಲ್ಲಿ ಬರೆದರು. ದೂರು ಸುಳ್ಳಲ್ಲ, ತಡೆಯುವ ಎದುರಾಳಿಯ ಮುಂದೆ ಕಿರ್ಯೂನ ಮುಷ್ಟಿಗಳು ಗೋಡೆ ಗುದ್ದಿದಂತೆ ವ್ಯರ್ಥವಾಗುವುದನ್ನು ಯಾರು ಬೇಕಾದರೂ ಅರ್ಧ ಗಂಟೆಯ ಆಟದಲ್ಲಿ ಕಾಣಬಹುದು. ಆದರೆ 2010ರಲ್ಲಿ ಕತ್ತರಿಯ ಬಗ್ಗೆ ಇದ್ದಷ್ಟು ಅಸಮಾಧಾನ ಕೈತಡೆಯ ಬಗ್ಗೆ ಇರಲಿಲ್ಲ, ಏಕೆಂದರೆ ಅಂದು ಹೋಲಿಸಿ ನೋಡಲು 2017ರ ಆಟ ಇರಲಿಲ್ಲ. ತಮ್ಮನ ವೇಗದಿಂದ ಅಣ್ಣನನ್ನು ಅಳೆಯುವ ಈ ಕ್ರಮವನ್ನು ವಿಮರ್ಶಕ ಬಳಸಬಾರದೆಂದಿಲ್ಲ, ಬಳಸುತ್ತಿದ್ದೇನೆಂದು ಓದುಗನಿಗೆ ಹೇಳಬೇಕು, ಅಷ್ಟೆ.

ನಿಧಾನಗತಿಯ ಆರಂಭ ಎಂಬ ಇನ್ನೊಂದು ಆಕ್ಷೇಪ ಇದಕ್ಕಿಂತ ಹೆಚ್ಚು ಚರ್ಚೆಗೆ ಯೋಗ್ಯ. ಭೂಗತ ಲೋಕದ ಆಟವೆಂದು ಕೈಗೆತ್ತಿಕೊಂಡವನಿಗೆ 'ಯಕುಝಾ 3' ಮೊದಲ ಹಲವು ಗಂಟೆಗಳಲ್ಲಿ ಕೊಡುವುದು ಒಕಿನಾವಾದ ಕಡಲತೀರದ ಒಂದು ಅನಾಥಾಲಯವನ್ನು. ಆಸಾಗಾವೊ ಎಂಬ ಹೂವಿನ ಹೆಸರಿನ ಆ ಮನೆಯಲ್ಲಿ, ಹಿಂದಿನ ಆಟಗಳಿಂದಲೇ ಕಿರ್ಯೂನ ಜೊತೆಗಿರುವ ಹರುಕಾಳೂ ಸೇರಿ ಒಂಬತ್ತು ಮಕ್ಕಳಿದ್ದಾರೆ. ಬೀದಿನಾಯಿಯೊಂದನ್ನು ಸಾಕಬೇಕೆಂದು ಇಝುಮಿ ಹಟ ಹಿಡಿಯುತ್ತಾಳೆ, ತಾಯಿಚಿಗೆ ಕುಸ್ತಿಪಟುವಾಗುವ ಕನಸು, ತೋಳಿನ ಮೇಲಿನ ಸುಟ್ಟ ಗಾಯದ ಕಲೆ ರಿಯೋನಾಳನ್ನು ಕಾಡುತ್ತದೆ. ಒಂದು ಕಾಲದಲ್ಲಿ ತೋಜೊ ಕೂಟದ ನಾಲ್ಕನೆಯ ಮುಖ್ಯಸ್ಥನಾಗಿದ್ದ ವ್ಯಕ್ತಿ ಈಗ ಕಳುವಾದ ಪುಡಿಕಾಸು ಯಾರ ಬಳಿ ಇದೆಯೆಂದು ಮಕ್ಕಳನ್ನು ಒಬ್ಬೊಬ್ಬರಾಗಿ ವಿಚಾರಿಸುತ್ತಾನೆ. ಕಥೆ ಯಾವಾಗ ಶುರುವಾಗುತ್ತದೆ ಎಂದು ಗಡಿಯಾರ ನೋಡಿದ ವಿಮರ್ಶಕರಿಗೆ, ಅನಾಥಾಲಯ ನಿಂತ ನೆಲಕ್ಕೇ ಸಂಚಕಾರ ಬರುವುದರಿಂದ ಆಟದ ಕಥೆ ಹೊರಡುತ್ತದೆ ಎಂಬುದು ಆಮೇಲೆ ಹೊಳೆದಿರಬೇಕು. ವಿಹಾರಧಾಮದ ಯೋಜನೆ, ಅಮೆರಿಕದ ಸೇನಾನೆಲೆಯ ವಿಸ್ತರಣೆ, ಕ್ಷಿಪಣಿ ರಕ್ಷಣೆ, ಸಂಸತ್ತಿನ ಮಸೂದೆ ಇವೆಲ್ಲ ಆ ತುಂಡು ಭೂಮಿಯ ಸುತ್ತ ಸುತ್ತುತ್ತವೆ. ಜಪಾನಿನ ಭೂವಿಸ್ತಾರದಲ್ಲಿ ಶೇ 0.6ರಷ್ಟು ಮಾತ್ರ ಇರುವ ಒಕಿನಾವಾ, ಆ ದೇಶದಲ್ಲಿ ಅಮೆರಿಕದ ಸೇನೆಯೇ ಬಳಸುವ ನೆಲೆಗಳ ವಿಸ್ತಾರದಲ್ಲಿ ಸುಮಾರು ಶೇ 70ನ್ನು ಹೊತ್ತಿದೆ ಎಂಬ ವಾಸ್ತವವನ್ನು ಬಲ್ಲ ಜಪಾನೀ ಆಟಗಾರನಿಗೆ ಆ ಮನೆಯ ಅಂಗಳ ಬರಿಯ ಅಂಗಳವಾಗಿ ಕಾಣುವುದಿಲ್ಲ. ಮಕ್ಕಳ ಜೊತೆ ಕಳೆದ ಆ ಗಂಟೆಗಳು ದೀರ್ಘವೇ ಹೌದು. ಅವನ್ನು ಚುಟುಕುಗೊಳಿಸಿದ್ದರೆ ಮುಂದೆ ಬೀಳುವ ಏಟು ಕೇವಲ ಒಂದು ಕಟ್ಟಡಕ್ಕೆ ಬಿದ್ದ ಏಟಾಗುತ್ತಿತ್ತು. ಕ್ಷಿಪಣಿ, ಗೂಢಚಾರರ ಭಾಗ ಹಳ್ಳ ಹಿಡಿದ ಕಥೆಯೆಂಬ ಟೀಕೆಯನ್ನು ಮಾತ್ರ ಪೂರ್ತಿಯಾಗಿ ಒಪ್ಪಬೇಕು. ಅಲ್ಲಿ ಆಟ ತನ್ನ ಅಂಗಳದ ದಾರಿಯನ್ನು ತಾನೇ ಮರೆಯುತ್ತದೆ.

ರೀಮಾಸ್ಟರ್ ಆವೃತ್ತಿಯನ್ನು ಕೆಲವರು 'ಪೂರ್ಣ' ಆವೃತ್ತಿಯೆಂದು ಬಣ್ಣಿಸಿದ್ದು ಅಷ್ಟು ಸರಿಯಲ್ಲ. ಟ್ರಾನ್ಸ್‌ಜೆಂಡರ್ ಪಾತ್ರವೊಂದು ಕಿರ್ಯೂನ ಬೆನ್ನಟ್ಟಿ ಬರುವುದನ್ನೇ ನಗೆಯ ಸರಕಾಗಿಸಿದ್ದ ಉಪಕಥೆಯನ್ನು ಈ ಸಲ ಕೈಬಿಡಲಾಯಿತು. ಇಂದಿನ ಕಣ್ಣಿಗೆ ಅದು ಸಲ್ಲದೆಂಬುದು ಕಾರಣ, ಮತ್ತು ಆ ನಗೆ ಅಂದಿಗೂ ಅಗ್ಗದ್ದೇ ಆಗಿತ್ತು. 2010ರ ಕತ್ತರಿಗೂ 2019ರ ಕತ್ತರಿಗೂ ಉದ್ದೇಶದಲ್ಲಿ ಅಜಗಜಾಂತರವಿದೆ ಎಂದು ವಾದಿಸಬಹುದು, ವಾದಿಸಲೂಬೇಕು. ಆದರೆ ಒಂದನ್ನು ಕೃತಿಯ ಮೇಲಿನ ಹಲ್ಲೆಯೆಂದು ಕರೆದವರು ಇನ್ನೊಂದನ್ನು ಉಲ್ಲೇಖಿಸದೆಯೇ 'ಪೂರ್ಣ' ಎಂಬ ಮುದ್ರೆ ಒತ್ತಿದರೆ ಓದುಗನಿಗೆ ಅರ್ಧ ವಿಷಯವಷ್ಟೇ ತಲುಪುತ್ತದೆ.

ನಾಲ್ಕನೆಯ ಭಾಗದಲ್ಲಿ ಬದಲಾವಣೆ ಇನ್ನೂ ವಿಚಿತ್ರವಾದದ್ದು. ಸಾಲ ಕೊಡುವ ಅಕಿಯಾಮಾ, ಮರಣದಂಡನೆಗೆ ಗುರಿಯಾದ ಸಾಯೆಜಿಮಾ, ಪೊಲೀಸ್ ಪತ್ತೇದಾರ ತನಿಮುರಾ, ಕೊನೆಗೆ ಕಿರ್ಯೂ, ಹೀಗೆ ನಾಲ್ವರು ನಾಯಕರ ನಡುವೆ ಕಥೆ ಹಂಚಿಹೋಗುವ 'ಯಕುಝಾ 4'ರಲ್ಲಿ ತನಿಮುರಾನಿಗೆ ಮುಖವನ್ನೂ ಧ್ವನಿಯನ್ನೂ ಕೊಟ್ಟಿದ್ದವರು ನಟ ನರಿಮಿಯಾ ಹಿರೊಕಿ. ಅವರು 2016ರ ಡಿಸೆಂಬರಿನಲ್ಲಿ ಚಿತ್ರರಂಗದಿಂದಲೇ ನಿವೃತ್ತರಾದರು. ರೀಮಾಸ್ಟರ್ ಬಂದಾಗ ತನಿಮುರಾ ಮಸುದಾ ತೊಶಿಕಿ ಎಂಬ ಬೇರೊಬ್ಬ ನಟನ ಮುಖ ತಳೆದು ಅವರದೇ ಧ್ವನಿಯಲ್ಲಿ ಮಾತಾಡತೊಡಗಿದ್ದ. ಉಳಿದ ಪಾತ್ರಗಳೆಲ್ಲ 2010ರ ಮುಖಗಳಲ್ಲೇ ಉಳಿದಿರುವ ಆಟದಲ್ಲಿ ಒಬ್ಬ ಮಾತ್ರ ನಿನ್ನೆ ಮೊನ್ನೆ ಬಂದವನಂತೆ ನಿಂತಿರುತ್ತಾನೆ. ಸಿನಿಮಾದಲ್ಲಿ ಸತ್ತ ನಟನ ಹಳೆಯ ಚಿತ್ರವನ್ನು ಹೊಸ ಪ್ರತಿ ಮಾಡುವಾಗ ಆತನ ಜಾಗದಲ್ಲಿ ಇನ್ನೊಬ್ಬನನ್ನು ಕೂರಿಸುವುದನ್ನು ಯಾರೂ ಪುನರುದ್ಧಾರವೆನ್ನುವುದಿಲ್ಲ. ವಿಡಿಯೊ ಗೇಮಿನಲ್ಲಿ ಅದು ರೀಮಾಸ್ಟರ್ ಎಂಬ ಹೆಸರಿನ ಅಡಿಯಲ್ಲೇ ಸಲೀಸಾಗಿ ಸಾಗಿಹೋಗುತ್ತದೆ. ಮೂಲ ಕೃತಿ ಎಂಬುದು ಪ್ಲೇಸ್ಟೇಷನ್ 3ರ ಡಿಸ್ಕಿನಲ್ಲಿ ಉಳಿದಿದೆಯೆಂಬುದೇನೋ ನಿಜ, ಆದರೆ ಆ ಯಂತ್ರ ಅಟ್ಟ ಸೇರಿದ ಮನೆಗಳಲ್ಲಿ ಇನ್ನು ಮುಂದೆ ತನಿಮುರಾ ಎಂದರೆ ಹೊಸ ಮುಖವೇ.

ಐದನೆಯ ಭಾಗದ ಕಥೆ ಬೇರೆಯೇ. ಫುಕುವೊಕಾದಿಂದ ಸಪ್ಪೊರೊವರೆಗೆ ಐದು ನಗರಗಳನ್ನು ಹಬ್ಬಿದ ಈ ಬೃಹತ್ ಆಟಕ್ಕೆ 2012ರಲ್ಲಿ ಜಪಾನಿನ 'ಫಾಮಿತ್ಸು' ಪತ್ರಿಕೆ 40ಕ್ಕೆ 40 ಅಂಕ ಕೊಟ್ಟಿತು. ಆ ಪತ್ರಿಕೆಯ ಪದ್ಧತಿಯಂತೆ ನಾಲ್ವರು ವಿಮರ್ಶಕರೂ ತಲಾ ಹತ್ತರಲ್ಲಿ ಹತ್ತು ಕೊಟ್ಟರೆ ಮಾತ್ರ ಹೀಗಾಗುವುದು. ಪಾಶ್ಚಾತ್ಯ ವಿಮರ್ಶಕರು ಮೆಚ್ಚಿದರಾದರೂ ಅತಿ ಉದ್ದವೆಂದು ಗೊಣಗಿದರು. ಕಿರ್ಯೂ ಇಲ್ಲಿ ಸುಳ್ಳು ಹೆಸರಿನಲ್ಲಿ ಟ್ಯಾಕ್ಸಿ ಓಡಿಸುತ್ತಾನೆ. ತಿರುವಿನಲ್ಲಿ ಇಂಡಿಕೇಟರ್ ಹಾಕದಿದ್ದರೆ, ಕೆಂಪು ದೀಪಕ್ಕೆ ನಿಲ್ಲದಿದ್ದರೆ, ಪ್ರಯಾಣಿಕನ ಮಾತಿಗೆ ಸರಿಯಾದ ಉತ್ತರ ಕೊಡದಿದ್ದರೆ ಆ ಸವಾರಿಯ ಲೆಕ್ಕದಲ್ಲಿ ಕಡಿತವಾಗುತ್ತದೆ. ಅಪರಾಧ ಲೋಕದ ಆಟವೊಂದು ಸಂಚಾರ ನಿಯಮಗಳಿಗೆ ಇಷ್ಟು ಗೌರವ ಕೊಟ್ಟ ಉದಾಹರಣೆ ಇನ್ನೊಂದಿರಲಾರದು, ಆ ಉದ್ದವನ್ನು ದೋಷವೆನ್ನಲು ಮನಸ್ಸು ಬರುವುದಿಲ್ಲ.

2025ರ ಸೆಪ್ಟೆಂಬರಿನಲ್ಲಿ ಸೆಗಾ 'ಯಕುಝಾ ಕಿವಾಮಿ 3'ನ್ನು, ಅಂದರೆ ಮೂರನೆಯ ಭಾಗದ ರೀಮೇಕನ್ನು ಘೋಷಿಸಿದ್ದರಿಂದ ಆಸಾಗಾವೊದ ಅಂಗಳಕ್ಕೆ ಮೂರನೆಯ ತೀರ್ಪಿನ ಸರದಿ ಬಂದಂತಾಯಿತು. ಈ ಸಲ ಮುಖ, ಮುಷ್ಟಿ, ಕಥೆಯ ಹಂಚಿಕೆ ಯಾವುದನ್ನು ಬೇಕಾದರೂ ಬದಲಿಸುವ ಅಧಿಕಾರ ತಯಾರಕರಿಗಿರುವುದರಿಂದ, ರೀಮಾಸ್ಟರ್ ಎಂಬ ಮಧ್ಯದ ಆವೃತ್ತಿಯೇ ಮೂಲಕ್ಕೆ ಹತ್ತಿರದ ಸಾಕ್ಷಿಯಾಗಿ ನಿಲ್ಲಬೇಕಾದ ಸ್ಥಿತಿ ಉಂಟಾಗಿದೆ. ಆ ಸಾಕ್ಷಿಯ ಬೆಲೆಯನ್ನು ವಿಮರ್ಶಕರಿಗಿಂತ ಚೆನ್ನಾಗಿ ಅರಿತಿದ್ದವರು ಸಂಪುಟದ ಪೊಟ್ಟಣ ಕಟ್ಟಿದವರೇ ಇರಬೇಕು. 'ಯಕುಝಾ 5' 2015ರಲ್ಲಿ ಪಾಶ್ಚಾತ್ಯ ದೇಶಗಳಿಗೆ ಬಂದಾಗ ಡೌನ್‌ಲೋಡ್ ರೂಪದಲ್ಲಿ ಮಾತ್ರ ಬಂದಿತ್ತು, ಅಂಗಡಿಯ ಕಪಾಟಿನಲ್ಲಿಡಲು ಡಿಸ್ಕೂ ಇರಲಿಲ್ಲ, ಪೆಟ್ಟಿಗೆಯೂ ಇರಲಿಲ್ಲ. ಮೂರು ಮತ್ತು ನಾಲ್ಕನೆಯ ಭಾಗಗಳ ಹಳೆಯ ಪೆಟ್ಟಿಗೆಗಳ ಪಕ್ಕದಲ್ಲಿ ಅಭಿಮಾನಿಗಳ ಕಪಾಟಿನಲ್ಲಿ ಒಂದು ಸಂದು ಹಾಗೆಯೇ ಉಳಿದುಹೋಗಿತ್ತು. 2020ರ ಫೆಬ್ರುವರಿ 11ರಂದು ಬಂದ ಸಂಪುಟದ ವಿಶೇಷ ಪ್ರತಿಯಲ್ಲಿ ಪ್ಲೇಸ್ಟೇಷನ್ 4ರ ಡಿಸ್ಕುಗಳ ಜೊತೆಗೆ 'ಯಕುಝಾ 5'ರ ಹೆಸರು ಹೊತ್ತ ಪ್ಲೇಸ್ಟೇಷನ್ 3ರ ಅಳತೆಯ ಒಂದು ಪೆಟ್ಟಿಗೆಯೂ ಇತ್ತು. ಅದರೊಳಗೆ ಏನೂ ಇರಲಿಲ್ಲ.