ಲಿನಕ್ಸ್‌ಗೆ ಬೇಕಿರುವುದು ಮೊದಲ ವಾರದ ನೆರವು

ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು; ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೆಯ ಪ್ರೊಸೆಸರ್‌ಗಳನ್ನು, ಕೆಲವು ಅಪವಾದ ಬಿಟ್ಟರೆ, ಅದು ಅಧಿಕೃತವಾಗಿ ಒಪ್ಪುವುದಿಲ್ಲ. ಎಚ್‌.ಡಿ. ಕೋಟೆಯಿಂದ ಬೇರ್ಪಟ್ಟು ತಾಲ್ಲೂಕಾದ ಸರಗೂರಿನಂತಹ ಕಡೆ ಕಂಪ್ಯೂಟರ್ ಕೊಳ್ಳುವವರು ಅದು ಬಹುಕಾಲ ಬಾಳಲಿ ಎಂದೇ ಕೊಳ್ಳುತ್ತಾರೆ. ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ಗುಜರಿಗೆ ಹಾಕುವುದೂ ನಷ್ಟ, ಭದ್ರತಾ ಪರಿಷ್ಕರಣೆಯಿಲ್ಲದೆ ಅದರಲ್ಲೇ ಬ್ಯಾಂಕ್ ವ್ಯವಹಾರ ನಡೆಸುವುದೂ ಅಪಾಯ. ಮೂರನೆಯ ದಾರಿಯಾದ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಉಚಿತವಾಗಿಯೇ ಸಿಗುತ್ತದೆ. ಹಾಗಿದ್ದೂ ಅದು ಮನೆಮನೆಗೆ ತಲುಪಿಲ್ಲ. ಇಲ್ಲಿರುವ ಕೊರತೆ ತಂತ್ರಾಂಶದ್ದಲ್ಲ. ಮೊದಲ ವಾರದ ಸಣ್ಣಪುಟ್ಟ ತೊಡಕುಗಳನ್ನು ಪಕ್ಕದಲ್ಲಿ ಕೂತು, ಕನ್ನಡದಲ್ಲೇ ಬಿಡಿಸಿಕೊಡುವವರು ಊರಿನಲ್ಲಿ ಇಲ್ಲದಿರುವುದೇ ನಿಜವಾದ ಕೊರತೆ.

ಆ ತೊಡಕುಗಳು ಲೆಕ್ಕವಿಲ್ಲದಷ್ಟಿಲ್ಲ. ಲಿನಕ್ಸ್ ತುಂಬಿದ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಶುರುವಾಗದಿದ್ದರೆ ಬಯಾಸ್‌ನಲ್ಲಿ ಬೂಟ್ ಕ್ರಮವನ್ನೂ ಸೆಕ್ಯೂರ್ ಬೂಟನ್ನೂ ನೋಡಬೇಕು. ಶುರುವಾದರೆ, ಹಾರ್ಡ್‌ಡಿಸ್ಕ್ ಮುಟ್ಟದೆ ‘ಲೈವ್’ ಆಗಿಯೇ ನಡೆಸಿ ವೈಫೈ, ಸದ್ದು, ಪರದೆಯ ಬೆಳಕು ಪರೀಕ್ಷಿಸಬಹುದು. ಬ್ರಾಡ್‌ಕಾಮ್ ಚಿಪ್ ಇರುವ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ತಾನಾಗಿ ಬರುವುದಿಲ್ಲ. ಮೊಬೈಲನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಟೆದರಿಂಗ್ ಮಾಡಿದರೆ ಇಂಟರ್ನೆಟ್ ಸಿಗುತ್ತದೆ, ಆಮೇಲೆ ಲಿನಕ್ಸ್‌ನ ಒಂದು ಆವೃತ್ತಿಯಾದ ಲಿನಕ್ಸ್ ಮಿಂಟ್‌ನ ಡ್ರೈವರ್ ಮ್ಯಾನೇಜರ್ ಬೇಕಾದ ಡ್ರೈವರನ್ನು ತಂದುಕೊಳ್ಳುತ್ತದೆ. ಎಚ್‌ಪಿ ಪ್ರಿಂಟರ್‌ಗಳು ಬಹುಪಾಲು ಸುಲಭವಾಗಿ ಒಗ್ಗುತ್ತವೆ. ಕ್ಯಾನನ್ ಎಲ್‌ಬಿಪಿ 2900ಕ್ಕೆ ಬೇರೆಯೇ ಡ್ರೈವರ್ ಹಾಕಿ ಹೆಣಗಬೇಕು. ಸರಿಪಡಿಸಲಾಗದ ತಪ್ಪು ಎಂದರೆ ಒಂದೇ: ಫೋಟೊ, ಕಡತಗಳ ಪ್ರತಿ ತೆಗೆದಿಡದೆ, ಅಳವಡಿಸುವಾಗ ಇಡೀ ಡಿಸ್ಕ್ ಅಳಿಸುವ ಆಯ್ಕೆ ಒತ್ತುವುದು. ಇದನ್ನೆಲ್ಲ ಬಲ್ಲವರಿಗೆ ಒಂದು ಮಧ್ಯಾಹ್ನದ ಕೆಲಸ. ಒಂಟಿಯಾಗಿ ಇಂಗ್ಲಿಷಿನಲ್ಲಿ ಹುಡುಕುವವರಿಗೆ ಸೋತು ಹಿಂದಿರುಗಲು ಕಾರಣ.

ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಕಲಿತವರು ಲಿನಕ್ಸ್‌ನಲ್ಲಿ ಕನ್ನಡವೇ ಇಲ್ಲವೆಂದು ಭಾವಿಸುತ್ತಾರೆ. ಆದರೆ ಅವರಿಗೆ ರೂಢಿಯಾದ ಕಗಪ ವಿನ್ಯಾಸ ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲೇ ಇದೆ. ಅದನ್ನು ಆರಿಸಿಕೊಂಡರೆ ಸಾಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಕಡತಗಳು ಅರ್ಥವಿಲ್ಲದ ಅಕ್ಷರಗಳಾಗಿ ಕಾಣುವುದಕ್ಕೆ ಕಾರಣ ಲಿನಕ್ಸ್ ಅಲ್ಲ, ಅವು ಯೂನಿಕೋಡ್‌ನಲ್ಲಿ ಇಲ್ಲದಿರುವುದು. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ.

ನೆರವಿದ್ದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ದೂರದಲ್ಲಿಲ್ಲ. ಎಚ್‌.ಡಿ. ಕೋಟೆಯಿಂದ ಗಡಿಯ ಬಾವಲಿ ದಾಟಿದರೆ ಕೇರಳ. ಅಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ, ಈಗಿನ ಕೈಟ್, ಸರ್ಕಾರಿ ಶಾಲೆಗಳನ್ನು ಮುಕ್ತ ತಂತ್ರಾಂಶದ ಕಡೆಗೆ ತಿರುಗಿಸಿತು. ಸಿಡಿ ಹಂಚಿ ಸುಮ್ಮನಾಗದೆ ಶಿಕ್ಷಕರಿಗೆ ತರಬೇತಿ ಕೊಟ್ಟಿತು, ಶಾಲೆಗಳಿಗೆಂದೇ ಲಿನಕ್ಸ್ ಆವೃತ್ತಿ ಸಿದ್ಧಪಡಿಸಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೇ ಇದೆ. ಲಿನಕ್ಸನ್ನು ಕನ್ನಡದಲ್ಲಿ ಕಲಿಸಲಾಗದು ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲೂ ಕನ್ನಡ ಪಾಠಗಳಿವೆ. ಸಾಮಗ್ರಿ ಇದೆ, ಅದನ್ನು ತೆರೆದು ತೋರಿಸುವ ಮನುಷ್ಯ ಬೇಕು.

ಆಕ್ಷೇಪಗಳಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಆಧಾರ್ ಬೆರಳಚ್ಚು ಉಪಕರಣಗಳ ತಂತ್ರಾಂಶ ಮುಖ್ಯವಾಗಿ ವಿಂಡೋಸ್ ಮತ್ತು ಆಂಡ್ರಾಯ್ಡ್‌ಗೆ ಸಿಗುವಂಥದ್ದು, ಟ್ಯಾಲಿಯೂ ವಿಂಡೋಸ್‌ನದೇ. ಆದ್ದರಿಂದ ಗ್ರಾಮ ಒನ್ ಕೇಂದ್ರದ, ಲೆಕ್ಕಪತ್ರದ ಕಂಪ್ಯೂಟರ್‌ಗಳು ವಿಂಡೋಸ್‌ನಲ್ಲೇ ಇರಲಿ. ಎಲ್ಲರೂ ಬದಲಾಗಬೇಕೆಂಬ ಹಟ ಹೊಸಬರನ್ನು ಹೆದರಿಸುತ್ತದೆಯಷ್ಟೇ. ಆದರೆ ಬ್ರೌಸರ್, ಪತ್ರ ಬರವಣಿಗೆ, ಮಕ್ಕಳ ಪಾಠ, ವಿಡಿಯೊ, ಇವಿಷ್ಟಕ್ಕೆ ಬಳಕೆಯಾಗುವ ಕಂಪ್ಯೂಟರ್‌ಗೆ ಈ ತಡೆ ಯಾವುದೂ ಇಲ್ಲ. ‘ಬಿಟ್ಟಿ ವಸ್ತುವಿಗೆ ಹೊಣೆ ಯಾರು’ ಎಂಬ ಪ್ರಶ್ನೆ ಹೆಚ್ಚು ಗಂಭೀರವಾದದ್ದು. ಹೊಣೆಯನ್ನು ಸ್ಥಳೀಯವಾಗಿ ಹೊತ್ತುಕೊಳ್ಳುವುದೊಂದೇ ಅದಕ್ಕೆ ಉತ್ತರ.

ಅದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಪರೀಕ್ಷಿಸಿದ ಒಂದೆರಡು ಪೆನ್‌ಡ್ರೈವ್, ಮೇಲೆ ಹೇಳಿದ ತೊಡಕುಗಳಿಗೆ ಕನ್ನಡದಲ್ಲಿ ಅಚ್ಚಾದ ಕೈಪಿಡಿ, ವಾರಕ್ಕೊಂದು ದಿನ ಬಂದು ಕೂರುವ ತರಬೇತಿ ಪಡೆದ ಕಾಲೇಜು ವಿದ್ಯಾರ್ಥಿ: ಆರಂಭಕ್ಕೆ ಇಷ್ಟು ಸಾಕು. ಬಗೆಹರಿಯದ್ದನ್ನು ನೋಡಲು ತಾಲ್ಲೂಕಿಗೊಬ್ಬ ಅನುಭವಿ ಇರಲಿ, ಆ ಕೆಲಸಕ್ಕೆ ಅವರಿಗೆ ಸಂಬಳ ಸಿಗಲಿ. ಹೊಸ ಕಂಪ್ಯೂಟರ್ ಖರೀದಿಗೆ ಹಣ ತೆಗೆದಿಡುವ ಜಿಲ್ಲಾಡಳಿತ, ಇರುವ ಕಂಪ್ಯೂಟರ್‌ಗಳ ಆಯುಸ್ಸು ಹೆಚ್ಚಿಸುವ ಜನರಿಗೂ ಅದರಲ್ಲೊಂದು ಪಾಲು ಇಡಬೇಕು. ಸರಗೂರಿನಲ್ಲಿ ಇದನ್ನು ಒಂದು ವರ್ಷ ನಡೆಸಿ ನೋಡಿದರೆ, ಹುಣಸೂರು, ಪಿರಿಯಾಪಟ್ಟಣಗಳಿಗೆ ವಿಸ್ತರಿಸಬೇಕೇ ಎಂಬುದನ್ನು ಊಹೆಯ ಮೇಲಲ್ಲ, ಅನುಭವದ ಮೇಲೆ ತೀರ್ಮಾನಿಸಬಹುದು.