ಫ್ರೆಂಚ್ ಅಂದ್ರೆ ಬರೀ ಮಾರ್ಕ್ಸಾ?

ಮೊನ್ನೆ ನಮ್ಮ ಗೌನಿಪಲ್ಲಿಗೆ ಹೋಗಿದ್ದೆ. ಪಿಯುಸಿ ಮುಗಿಸಿದ ಅಕ್ಕನ ಮಗಳು "ಬೆಂಗಳೂರಲ್ಲಿ ಡಿಗ್ರಿಗೆ ಫ್ರೆಂಚ್ ತಗೋತೀನಿ ಮಾಮ" ಅಂದಳು. ಎಲ್ಲರೂ ನಕ್ಕರು: "ಮಾವಿನ ಮಂಡೀಲಿ ಫ್ರೆಂಚ್ ಮಾತಾಡ್ತೀಯಾ?"

ನನಗೆ ಸಿಟ್ಟು ಬಂತು. ಬೆಂಗಳೂರಿನ ಎಷ್ಟೋ ಮಕ್ಕಳು ಕನ್ನಡ ಬಿಟ್ಟು ಫ್ರೆಂಚ್ ತಗೊಳ್ಳೋದು ಬರೀ ಅಂಕಕ್ಕೆ. ಪರೀಕ್ಷೆ ಮುಗಿದ ಮೇಲೆ ಉಳಿಯೋದು 'ಬೋಂಜೂರ್' ಒಂದೇ. ಅದಕ್ಕೆ ಯಾರೂ ನಗಲ್ಲ!

ಇವಳಿಗೆ ಮನೇಲಿ ತೆಲುಗು, ಶಾಲೇಲಿ ಕನ್ನಡ, ಸಂತೇಲಿ ಉರ್ದು. ಭಾಷೆ ಕಲಿಯೋದು ಹೊಸದಲ್ಲ. ಡಿಗ್ರಿ ಕಾಗದವೊಂದೇ ಸಾಲದು, ನಿಜ. ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲೋ ಎಲ್ಲೋ ಕೂತು, ಎ1ರಿಂದ ಸಿ2ವರೆಗಿನ 6 ಹಂತಗಳಲ್ಲಿ ಬಿ2 ಆದರೂ ದಾಟಬೇಕು. ದಾಟಿದರೆ ಅನುವಾದ, ಪಾಠ, ಪ್ರವಾಸೋದ್ಯಮ, ಫ್ರೆಂಚ್ ಕಂಪನಿಗಳು.. ದಾರಿ ಇದೆ. ಕಮೂನನ್ನು ಇಂಗ್ಲಿಷಿನ ಹಂಗಿಲ್ಲದೆ ನೇರ ಕನ್ನಡಕ್ಕೆ ತರಲು ನಮಗೂ ಜನ ಬೇಡ್ವಾ?

ನಗೋದು ಬಿಟ್ಟು ಬಸ್ ಚಾರ್ಜ್ ಕೊಡಿ ಅಂದೆ. ಏನಂತೀರಿ?