ಕಡ ತಂದ ಪದಗಳೂ ನುಡಿಯ ಸತ್ತ್ವವೂ

ಪದಕೋಶದಲ್ಲಿ ಅನ್ಯದೇಶ್ಯ ಶಬ್ದಗಳು ಹೆಚ್ಚಿದುದನ್ನು ಕಂಡೊಡನೆ ಭಾಷೆಯ ಸತ್ತ್ವವೇ ಉಡುಗಿತೆಂದು ಮರುಗುವವರು ಎಲ್ಲ ಕಾಲದಲ್ಲಿಯೂ ಉಂಟು. ಅಂಥವರು ಬ್ರಿಟನ್ನಿನ ಪಶ್ಚಿಮ ಭಾಗದಲ್ಲಿ ಇಂದಿಗೂ ಜೀವಂತವಾಗಿರುವ ವೆಲ್ಷ್ ಭಾಷೆಯ ಚರಿತ್ರೆಯನ್ನು ಸಾವಧಾನವಾಗಿ ಅವಲೋಕಿಸಬೇಕು.

ಕ್ರಿ.ಶ. 43ರಲ್ಲಿ ಕ್ಲಾಡಿಯಸ್ ಚಕ್ರವರ್ತಿಯ ಸೇನೆ ಬ್ರಿಟನ್ನಿಗೆ ಬಂದಿಳಿದಂದಿನಿಂದ ಐದನೆಯ ಶತಮಾನದ ಆದಿಯಲ್ಲಿ ರೋಮನ್ನರ ಪ್ರಭುತ್ವ ಅಳಿಯುವವರೆಗೆ, ವೆಲ್ಷ್ ಭಾಷೆಯ ಪೂರ್ವರೂಪವಾದ ನುಡಿಯು ಲ್ಯಾಟಿನ್ನಿನಿಂದ ನೂರಾರು ಶಬ್ದಗಳನ್ನು ಸ್ವೀಕರಿಸಿತು. ಸೇತುವೆಗೆ ‘ಪಾಂಟ್’, ಕಿಟಕಿಗೆ ‘ಫೆನೆಸ್ಟರ್’, ಅಡುಗೆಮನೆಗೆ ‘ಕೆಗಿನ್’ ಎಂಬ ಇಂದಿನ ಹೆಸರುಗಳೆಲ್ಲವೂ ಅಲ್ಲಿಂದ ಬಂದವೇ. ದ್ರಾಕ್ಷಾರಸವನ್ನು ಸೂಚಿಸುವ ಲ್ಯಾಟಿನ್ನಿನ ‘ವೀನುಂ’ ವೆಲ್ಷ್‌ನಲ್ಲಿ ‘ಗ್ವಿನ್’ ಆಯಿತು. ಪುರುಷನೆಂಬ ಅರ್ಥದ ‘ಗೂರ್’ ಎಂಬುದಾದರೋ ಕಡ ತಂದುದಲ್ಲ. ಲ್ಯಾಟಿನ್ನಿನ ‘ವಿರ್’, ಸಂಸ್ಕೃತದ ‘ವೀರ’ ಇವುಗಳೊಡನೆ ಒಂದೇ ಮೂಲದಿಂದ ಹುಟ್ಟಿ ಬಂದ ಪಿತ್ರಾರ್ಜಿತ. ಆದರೂ ಆದಿಯ ವಕಾರಕ್ಕೆ ಗಕಾರ ಸೇರುವ ನಿಯಮವು ಮನೆಯ ಶಬ್ದಕ್ಕೂ ಹೊರಗಿನ ಶಬ್ದಕ್ಕೂ ಸಮಾನವಾಗಿ ಅನ್ವಯಿಸಿತು.

ಇದಕ್ಕಿಂತಲೂ ಮನೋಹರವಾದುದು ‘ಪಾಂಟ್’ ಶಬ್ದದ ನಡವಳಿಕೆ. ಅದರ ಹಿಂದೆ ನಿರ್ದೇಶಕವಾದ ‘ಅ’ ಬಂದರೆ ಪಕಾರವು ಬಕಾರವಾಗುತ್ತದೆ. ಆದುದರಿಂದಲೇ ಸೇತುವೆಯ ತುದಿಯಲ್ಲಿರುವ ಊರಿಗೆ ‘ಪೆನ್ ಅ ಬಾಂಟ್’ ಎಂಬ ಹೆಸರು. ಮಳೆಯೊಡನೆ ಕೂಡಿದ ಸಂಸ್ಕೃತದ ‘ಕಾಲ’ವು ಕನ್ನಡದ ಆದೇಶಸಂಧಿಗೆ ತಲೆಬಾಗಿ ‘ಮಳೆಗಾಲ’ವಾದುದನ್ನು ಬಲ್ಲ ನಮಗೆ ಇದರ ಮರ್ಮ ಸುಲಭವಾಗಿ ತಿಳಿಯುತ್ತದೆ. ಬಂದ ಶಬ್ದವು ಬಂದಲ್ಲಿನ ವ್ಯಾಕರಣಕ್ಕೆ ಅಧೀನವಾದ ಮೇಲೆ ಅದನ್ನು ಪರಕೀಯವೆನ್ನುವುದು ನ್ಯಾಯವಲ್ಲ.

ಹಾಗಾದರೆ ವೆಲ್ಷ್ ಭಾಷೆಗೆ ಕೇಡು ಬಂದುದೆಲ್ಲಿಂದ? 1536ರ ಶಾಸನವು ನ್ಯಾಯಾಲಯಗಳಲ್ಲಿ ಇಂಗ್ಲಿಷನ್ನೇ ವಿಧಿಸಿ, ವೆಲ್ಷನ್ನಷ್ಟೇ ಬಳಸುವವರಿಗೆ ಅಧಿಕಾರಸ್ಥಾನವನ್ನು ನಿರಾಕರಿಸಿತು. ಹತ್ತೊಂಬತ್ತನೆಯ ಶತಮಾನದ ಎಷ್ಟೋ ಶಾಲೆಗಳಲ್ಲಿ ತಾಯ್ನುಡಿಯನ್ನಾಡಿದ ಮಗುವಿನ ಕೊರಳಿಗೆ ಅವಮಾನದ ಮರದ ಹಲಗೆಯನ್ನು ತೂಗುಹಾಕಿದರು. ಈ ಭಾಷೆಯನ್ನು ಕಾಪಾಡಿದುದು ವಿಲಿಯಂ ಮಾರ್ಗನ್ 1588ರಲ್ಲಿ ಪ್ರಕಟಿಸಿದ ಬೈಬಲ್ಲಿನ ಅನುವಾದವೂ, ಅದನ್ನು ತಲೆಮಾರುಗಳ ಕಾಲ ಓದಿದ ಮನೆ ಮಂದಿರಗಳೂ. ವೇಲ್ಸಿನಲ್ಲಿ ಆ ಭಾಷೆಗೆ ಅಧಿಕೃತ ಸ್ಥಾನವನ್ನು 2011ರ ಶಾಸನ ದೃಢಪಡಿಸಿತು. 2021ರ ಜನಗಣತಿಯಂತೆ ಅಲ್ಲಿ ಸುಮಾರು 5,38,000 ಮಂದಿ ಅದನ್ನು ಆಡಬಲ್ಲರು.

ಪದಗಳ ಕುಲಗೋತ್ರವನ್ನು ಅರಿಯುವುದು ಉದಾತ್ತವಾದ ವಿದ್ಯೆ. ಆ ಅರಿವಿನಿಂದ ಪದಗಳನ್ನು ಬಹಿಷ್ಕರಿಸಹೊರಡುವುದು ವೃಥಾ ಶ್ರಮ. ಭಾಷಾಭಿಮಾನಿಗಳಾದವರು ಶಾಲೆಯಲ್ಲಿ, ನ್ಯಾಯಾಲಯದಲ್ಲಿ, ಮನೆಯ ಮಾತುಕತೆಯಲ್ಲಿ ತಮ್ಮ ನುಡಿಗೆ ನಿತ್ಯವೂ ಕೆಲಸವಿರುವಂತೆ ನೋಡಿಕೊಳ್ಳಲಿ. ಹಾಗೆ ದುಡಿಯುವ ನುಡಿಯು ಎಷ್ಟು ಪದಗಳನ್ನು ಕಡ ತಂದರೂ ಬಡವಾಗದು.